ಶೋರೀಲ್ ಇಲ್ಲ, ಪರಿಚಯದವರಿಲ್ಲ: ತೆರೆಯ ಮೇಲೆ ನಟಿಸಲು ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ಕೆಲವು ವರ್ಷಗಳಿಂದ ಹವ್ಯಾಸಿ ನಾಟಕ ತಂಡದಲ್ಲಿದ್ದೇನೆ. ಈಗ ಸಿನಿಮಾ, ಸೀರಿಯಲ್‌ಗಳಲ್ಲಿ ನಟಿಸುವ ಆಸೆ. ನನ್ನ ಹತ್ತಿರ ಶೋರೀಲ್ (ನಟಿಸಿದ ದೃಶ್ಯಗಳನ್ನು ಜೋಡಿಸಿದ ಚಿಕ್ಕ ವಿಡಿಯೊ) ಇಲ್ಲ, ಈ ರಂಗದಲ್ಲಿ ಪರಿಚಯದವರೂ ಇಲ್ಲ. ಒಂದು ಏಜೆನ್ಸಿಯವರು ನೋಂದಣಿ ಶುಲ್ಕ ಕಟ್ಟಿ, ತಮ್ಮಲ್ಲೇ ಪೋರ್ಟ್‌ಫೋಲಿಯೊ (ಫೋಟೋಗಳ ಸಂಗ್ರಹ) ಮಾಡಿಸಿದರೆ ಅವಕಾಶ ಕೊಡಿಸುತ್ತೇವೆ ಅನ್ನುತ್ತಾರೆ. ಕಟ್ಟಬಹುದಾ?

ಉತ್ತರ: ದಯವಿಟ್ಟು ಕಟ್ಟಬೇಡಿ. ನಟನೆ ಕೆಲಸ ಅಂದ ಮೇಲೆ ದುಡ್ಡು ನಿಮ್ಮ ಕಡೆಗೆ ಬರಬೇಕು, ನಿಮ್ಮಿಂದ ಹೋಗಬಾರದು. ನಿಜವಾದ ಏಜೆಂಟ್ ನಿಮಗೆ ಕೆಲಸ ಸಿಕ್ಕಿ, ಸಂಭಾವನೆ ಬಂದ ಮೇಲೆ ಅದರಲ್ಲಿ ತನ್ನ ಪಾಲು ತೆಗೆದುಕೊಳ್ಳುತ್ತಾರೆ. ಹಾಲಿವುಡ್‌ನಲ್ಲಿ ಅದು ಸಾಮಾನ್ಯವಾಗಿ ಶೇ. 10. ಅವಕಾಶದ ಆಸೆ ತೋರಿಸಿ ಹೊಸಬರಿಂದ ಮೊದಲೇ ಹಣ ಕೀಳುವುದು ಅಲ್ಲಿ ಎಷ್ಟು ಹೆಚ್ಚಿತ್ತೆಂದರೆ, 2009ರಲ್ಲಿ ಕ್ಯಾಲಿಫೋರ್ನಿಯಾ ಇದನ್ನು ತಡೆಯಲೆಂದೇ ಒಂದು ಕಾನೂನು ಮಾಡಿತು.

ಇನ್ನೊಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಡಿಷನ್‌ಗೆ ಹೋಟೆಲ್ ರೂಮಿಗೋ ಯಾರದೋ ಮನೆಗೋ ಒಬ್ಬರೇ ಬನ್ನಿ ಅಂದರೆ ಹೋಗಬೇಡಿ. ಅಮೆರಿಕದ ಕಲಾವಿದರ ಸಂಘ ಸ್ಯಾಗ್-ಆಫ್ಟ್ರಾ, ಇಂಥ ಜಾಗಗಳಲ್ಲಿ ವೃತ್ತಿ ಸಂಬಂಧದ ಭೇಟಿಗಳನ್ನು ಇಟ್ಟುಕೊಳ್ಳಬೇಡಿ ಎಂದು 2018ರಲ್ಲಿ ನಿರ್ಮಾಪಕರಿಗೇ ಹೇಳಿತು. ಬೇಡ ಅಂದರೆ ಅವಕಾಶ ತಪ್ಪುತ್ತದೇನೋ ಅಂತ ಹೆದರಬೇಡಿ. ಅದು ಅವಕಾಶವೇ ಆಗಿರಲಿಲ್ಲ.

ಫೋಟೋ ವಿಷಯ ಸುಲಭ. ಮುಖದ್ದೊಂದು, ಪೂರ್ತಿ ನಿಂತದ್ದೊಂದು. ಒಳ್ಳೆಯ ಬೆಳಕಿರಲಿ, ಮೇಕಪ್ ಕಡಿಮೆ ಇರಲಿ, ಫಿಲ್ಟರ್ ಬೇಡ. ಫೋಟೋದಲ್ಲಿ ಕಂಡವರೇ ಬಾಗಿಲಿನಿಂದ ಒಳಗೆ ಬರಬೇಕು, ಅಷ್ಟೇ.

ನಿಮ್ಮ ಶ್ರಮವೆಲ್ಲ ಹೋಗಬೇಕಾದದ್ದು ಸೆಲ್ಫ್ ಟೇಪ್‌ಗೆ. ಅಂದರೆ ಕೊಟ್ಟ ದೃಶ್ಯವನ್ನು ನೀವೇ ನಟಿಸಿ, ಶೂಟ್ ಮಾಡಿ ಕಳಿಸುವ ವಿಡಿಯೊ. 2020ರ ಕೋವಿಡ್ ನಂತರ ಮೊದಲ ಸುತ್ತಿನ ಆಡಿಷನ್ ಹೀಗೆ ನಡೆಯುವುದು ತುಂಬಾ ಜಾಸ್ತಿಯಾಗಿದೆ. ಫೋನ್ ಸಾಕು. ಬೇರೆ ಸೂಚನೆ ಇಲ್ಲದಿದ್ದರೆ ಅದನ್ನು ಅಡ್ಡಲಾಗಿ, ನಿಮ್ಮ ಕಣ್ಣಿನ ಮಟ್ಟಕ್ಕೆ ಇಡಿ. ಹಿಂದೆ ಖಾಲಿ ಗೋಡೆ, ಮುಖದ ಮೇಲೆ ಮುಂದಿನಿಂದ ಬೆಳಕು, ಎದೆಯಿಂದ ಮೇಲಕ್ಕೆ ಫ್ರೇಮ್. ಎದುರು ಪಾತ್ರದ ಡೈಲಾಗ್ ಓದುವವರು ಲೆನ್ಸ್ ಪಕ್ಕದಲ್ಲೇ ನಿಲ್ಲಲಿ, ಆಗ ನಿಮ್ಮ ಎರಡೂ ಕಣ್ಣು ಕಾಣುತ್ತವೆ. ಅವರ ದನಿ ನಿಮ್ಮ ದನಿಗಿಂತ ಮೆತ್ತಗಿರಲಿ.

ನಾಟಕದಿಂದ ಬಂದವರು ಸಾಮಾನ್ಯವಾಗಿ ಎಡವುವುದು ಅಳತೆಯಲ್ಲಿ. ಕೊನೆಯ ಸಾಲಿನವರಿಗೂ ಮುಟ್ಟಲಿ ಅಂತ ಬೆಳೆಸಿದ ದನಿ, ಹುಬ್ಬು, ಕೈ ಇವೆಲ್ಲ ಕ್ಲೋಸ್ ಅಪ್‌ನಲ್ಲಿ ಜೋರಾಗಿಬಿಡುತ್ತವೆ. ಭಾವನೆ ಕಡಿಮೆ ಮಾಡಿ ಅಂತ ನಾನು ಹೇಳುತ್ತಿಲ್ಲ. ಅದು ಒಳಗೆ ಪೂರ್ತಿ ಇರಲಿ, ತೋರಿಸುವ ಆತುರ ಬೇಡ. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೊವ್ ಒಂದು ಪ್ರಯೋಗ ಮಾಡಿದ. ನಟ ಇವಾನ್ ಮೊಸ್ಜುಕಿನ್‌ನ ಒಂದೇ ಶಾಟನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ, ಒಬ್ಬ ಹೆಂಗಸು ಇವುಗಳ ಜೊತೆ ಬೇರೆ ಬೇರೆಯಾಗಿ ಜೋಡಿಸಿದ. ನೋಡಿದವರಿಗೆ ಒಂದು ಕಡೆ ಹಸಿವು, ಇನ್ನೊಂದು ಕಡೆ ದುಃಖ, ಮತ್ತೊಂದು ಕಡೆ ಬಯಕೆ ಕಂಡಿತಂತೆ. ಮುಖ ಬದಲಾಗಿರಲೇ ಇಲ್ಲ! ತೆರೆಯ ಮೇಲಿನ ಅರ್ಥ ಎಡಿಟಿಂಗ್‌ನಲ್ಲೂ ಹುಟ್ಟುತ್ತದೆ. ಹಾಗಾಗಿ ಟೇಪ್‌ನಲ್ಲಿ ನಿಮ್ಮ ಡೈಲಾಗ್‌ನಷ್ಟೇ ಎದುರಿನವರ ಮಾತು ಕೇಳಿಸಿಕೊಳ್ಳುವ ನಿಮ್ಮ ಮುಖವೂ ಮುಖ್ಯ.

ಹೊಸಬರಿಗೆ ಯಾರೂ ಸರಿಯಾಗಿ ಹೇಳಿಕೊಡದ ವಿಷಯ ಇನ್ನೊಂದಿದೆ: ಕಂಟಿನ್ಯೂಟಿ, ಅಂದರೆ ಒಂದು ಶಾಟ್‌ನಲ್ಲಿ ಮಾಡಿದ್ದು ಇನ್ನೊಂದು ಶಾಟ್‌ಗೂ ಹೊಂದುವಂತೆ ನೋಡಿಕೊಳ್ಳುವುದು. ರಂಗದ ಮೇಲೆ ಕಥೆ ಮೊದಲಿಂದ ಕೊನೆವರೆಗೆ ಒಂದೇ ಓಟದಲ್ಲಿ ಸಾಗುತ್ತದೆ. ಶೂಟಿಂಗ್‌ನಲ್ಲಿ ಕ್ಲೈಮ್ಯಾಕ್ಸ್ ಮೊದಲ ದಿನವೇ ಬರಬಹುದು. ಒಂದೇ ದೃಶ್ಯವನ್ನು ಮೊದಲು ದೂರದಿಂದ ತೆಗೆದು, ಆಮೇಲೆ ಒಬ್ಬೊಬ್ಬರ ಕ್ಲೋಸ್ ಅಪ್ ತೆಗೆಯುತ್ತಾರೆ. ಮೊದಲ ಶಾಟ್‌ನಲ್ಲಿ ‘ಬರಲ್ಲ’ ಅನ್ನುವಾಗ ಎಡಗೈಯಲ್ಲಿ ಲೋಟ ಎತ್ತಿದ್ದರೆ, ಗಂಟೆಗಳ ನಂತರದ ಕ್ಲೋಸ್ ಅಪ್‌ನಲ್ಲೂ ಅದೇ ಮಾತಿಗೆ ಅದೇ ಕೈ ಏಳಬೇಕು. ಇಲ್ಲದಿದ್ದರೆ ಎಡಿಟರ್ ಎರಡನ್ನೂ ಸೇರಿಸುವುದು ಕಷ್ಟ. ನಿಮ್ಮ ಅತ್ಯುತ್ತಮ ಟೇಕ್ ಬಳಕೆಗೆ ಬಾರದೇ ಹೋಗಬಹುದು. ಹಾಗಂತ ಯಂತ್ರದ ಥರ ಮಾಡಿದರೆ ಜೀವ ಇರಲ್ಲ. ಕೈಕಾಲು ಅದೇ ಲೆಕ್ಕದಲ್ಲಿ ನಡೆಯುತ್ತಾ ಮಾತು ಹೊಸದಾಗಿ ಹುಟ್ಟಬೇಕು. ನನ್ನ ಪ್ರಕಾರ, ಹೊಸ ನಟರನ್ನು ಮತ್ತೆ ಕರೆಯುವಂತೆ ಮಾಡುವುದು ಈ ಕಸುಬು.

ಇದನ್ನು ಮನೆಯಲ್ಲೇ ಕಲಿಯಬಹುದು. ಒಂದು ನಿಮಿಷದ ದೃಶ್ಯ ತೆಗೆದುಕೊಳ್ಳಿ. ನೀರು ಕುಡಿಯುವುದು, ಕುರ್ಚಿಯಿಂದ ಏಳುವುದು ಅಂಥ ಕೆಲಸಗಳನ್ನು ಮಾತಿಗೆ ಹೊಂದಿಸಿ. ದೂರದಿಂದ ಒಮ್ಮೆ, ಹತ್ತಿರದಿಂದ ಒಮ್ಮೆ ಶೂಟ್ ಮಾಡಿ, ಫೋನ್‌ನಲ್ಲೇ ಕತ್ತರಿಸಿ ಜೋಡಿಸಿ ನೋಡಿ. ಎಲ್ಲಿ ಹೊಂದುತ್ತಿಲ್ಲ ಅಂತ ತಕ್ಷಣ ಗೊತ್ತಾಗುತ್ತದೆ.

ಇನ್ನು ಶೋರೀಲ್. ಅದಕ್ಕೆ ಒಳ್ಳೆಯ ದಾರಿ ಫಿಲ್ಮ್ ಸ್ಕೂಲ್ ವಿದ್ಯಾರ್ಥಿಗಳ ಕಿರುಚಿತ್ರಗಳು. ಅವರಿಗೆ ನಟರು ಬೇಕು, ನಿಮಗೆ ದೃಶ್ಯಗಳು ಬೇಕು. ಜೂನಿಯರ್ ಆರ್ಟಿಸ್ಟ್ ಆಗಿ ಕೆಲವು ದಿನ ಹೋದರೆ ಸೆಟ್ಟಿನ ಶಿಸ್ತು ಅರ್ಥವಾಗುತ್ತದೆ, ಆದರೆ ಅಲ್ಲಿಂದಲೇ ದೊಡ್ಡ ಪಾತ್ರ ಸಿಗುತ್ತದೆ ಅಂತ ಕಾಯಬೇಡಿ. ಕಿರುಚಿತ್ರ ಒಪ್ಪುವ ಮುಂಚೆ ಸ್ಕ್ರಿಪ್ಟ್ ಓದಿ. ಚಿತ್ರ ಮುಗಿದ ಮೇಲೆ ನಿಮ್ಮ ದೃಶ್ಯಗಳ ಕಾಪಿ ಕೊಡುತ್ತೇವೆ ಅಂತ ಮೆಸೇಜ್‌ನಲ್ಲಾದರೂ ಬರೆಸಿಕೊಳ್ಳಿ. ಅಂಥ ಎರಡು ಮೂರು ಚಿತ್ರಗಳಿಂದ ಒಂದೆರಡು ನಿಮಿಷದ ರೀಲ್ ಆಗುತ್ತದೆ. ನಿಮ್ಮ ಒಳ್ಳೆಯ ದೃಶ್ಯವನ್ನು ಅದರ ಮೊದಲಲ್ಲೇ ಇಡಿ, ಎಷ್ಟೋ ಮಂದಿ ಕೊನೆವರೆಗೆ ನೋಡುವುದಿಲ್ಲ.