ಕರ್ಟನ್ ಒಳಗಿದ್ದರೆ ಸೆಕೆಯೂ ಒಳಗೇ

ಪಶ್ಚಿಮದ ಗೋಡೆಗೆ ಪೂರ್ತಿ ಗಾಜು ಬೇಕು ಅಂತ ಮನೆ ಕಟ್ಟಿಸುವ ಬಹಳ ಜನ ಕೇಳುತ್ತಾರೆ. ಸಂಜೆ ಬಿಸಿಲು ಹೊಡೆಯುತ್ತಲ್ವಾ ಅಂದರೆ ಉತ್ತರ ರೆಡಿ ಇರುತ್ತದೆ: "ದಪ್ಪ ಕರ್ಟನ್ ಹಾಕ್ತೀವಿ ಬಿಡಿ ಸರ್." ಎಷ್ಟು ಸಲ ಹೇಳಿದರೂ ಈ ಕರ್ಟನ್ ಮಾತು ಮಾತ್ರ ಹೋಗುವುದಿಲ್ಲ.

ನೋಡಿ, ಬಿಸಿಲು ಗಾಜು ದಾಟಿ ಬಂದು ಕರ್ಟನ್ನಿಗೆ ಬೀಳುತ್ತದೆ. ಕರ್ಟನ್ ಕಾಯುತ್ತದೆ. ಕಾದ ಬಟ್ಟೆ ಇರುವುದು ಕೋಣೆಯೊಳಗೆ, ಶಾಖ ಬಿಡುವುದೂ ಅಲ್ಲೇ. ಬಿಸಿಲನ್ನು ಸಲೀಸಾಗಿ ಒಳಗೆ ಬಿಟ್ಟ ಅದೇ ಗಾಜು, ಬಟ್ಟೆಯಿಂದ ಹೊರಡುವ ಶಾಖದ ಕಿರಣಗಳನ್ನು ಹೊರಗೆ ದಾಟಿಸುವುದಿಲ್ಲ. ಬಿಳಿ ಬಟ್ಟೆಯಾದರೆ ಒಂದಷ್ಟು ಬೆಳಕು ವಾಪಸ್ ಹೋಗುತ್ತದೆ, ನಿಜ. ಉಳಿದದ್ದೆಲ್ಲ ಎಸಿ ಪಾಲಿಗೆ. 6 ಚದರ ಮೀಟರ್ ಸಾದಾ ಗಾಜಿನ ಮೇಲೆ ಸಂಜೆ 4ರ ನೇರ ಬಿಸಿಲು ಬಿದ್ದರೆ, 1,000 ವ್ಯಾಟ್‌ನ ಎರಡು ರೂಮ್ ಹೀಟರ್ ಹಚ್ಚಿಟ್ಟಷ್ಟು ಶಾಖ ಒಳಗೆ ಬರುತ್ತದೆ. ಲೆಕ್ಕ ಜಾಗದಿಂದ ಜಾಗಕ್ಕೆ, ಋತುವಿನಿಂದ ಋತುವಿಗೆ ಬದಲಾಗುತ್ತದೆ, ಆದರೆ ಸಣ್ಣ ಮೊತ್ತವಂತೂ ಅಲ್ಲ.

ಡಬಲ್ ಗ್ಲಾಸ್, ಅಂದರೆ ನಡುವೆ ಸಂದು ಬಿಟ್ಟು ಜೋಡಿಸಿದ ಎರಡು ಪದರ ಗಾಜು, ಹಾಕಿದರೆ? ಹೊರಗಿನ ಬಿಸಿ ಗಾಳಿಗೆ ಅದು ಒಳ್ಳೆಯ ತಡೆ. ನೇರ ಬಿಸಿಲಿಗೆ ಅಷ್ಟಿಲ್ಲ. ಲೇಪನವಿಲ್ಲದ ಸಾದಾ ಡಬಲ್ ಗ್ಲಾಸ್ ಆದರೆ ಬಿಸಿಲಿನ ಶಾಖದಲ್ಲಿ ಸುಮಾರು ಶೇ. 70ರಷ್ಟು ಒಳಗೆ ಬಂದೇ ಬರುತ್ತದೆ.

ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಒಂದು ಮನೆಯಲ್ಲಿ ಯಜಮಾನರ ತಾಯಿ ಕಿಟಕಿಯ ಹೊರಗೆ ಹಗ್ಗ ಬಿಗಿದು ಹಳೆ ಚಾಪೆ ಇಳಿಬಿಟ್ಟಿದ್ದರು. ಮಗನಿಗೆ ನಾಚಿಕೆ. "ಅಮ್ಮ ಏನೋ ಕಟ್ಟಿಬಿಟ್ಟಿದ್ದಾರೆ ಸರ್, ತೆಗೆಸ್ತೀನಿ" ಅಂದರು. ನಾನು ಗಾಜು ಮುಟ್ಟಿ ನೋಡಿದೆ. ಚಾಪೆಯ ಹಿಂದಿನ ಗಾಜು ತಣ್ಣಗಿತ್ತು, ಪಕ್ಕದ್ದು ಕೈ ಇಡಲಾಗದಷ್ಟು ಕಾದಿತ್ತು. ಆ ಮನೆಯಲ್ಲಿ ವಿಷಯ ಸರಿಯಾಗಿ ಅರ್ಥವಾಗಿದ್ದು ಅಮ್ಮನಿಗೆ, ಅದನ್ನು ಮಗನಿಗೆ ಹೇಳಿಯೇ ಬಂದೆ. ಆಮೇಲೆ ಅಲ್ಲೇ ಮರದ ಪಟ್ಟಿಗಳ ಮಡಚುವ ತಡಿಕೆ ಮಾಡಿಸಿದೆವು.

ಇನ್ನೊಂದು ಮಾತು. ಪಶ್ಚಿಮಕ್ಕೆ ಸುಮ್ನೆ ಸಜ್ಜ ಉದ್ದ ಮಾಡಿಸಬೇಡಿ. ಸಂಜೆ ಸೂರ್ಯ ಕೆಳಗಿರುತ್ತಾನೆ, ಬಿಸಿಲು ಸಜ್ಜದ ಅಡಿಯಿಂದಲೇ ನುಗ್ಗುತ್ತದೆ. ಅಲ್ಲಿಗೆ ಬೇಕಾದ್ದು ಕಿಟಕಿಯ ಹೊರಗೆ ನೆಟ್ಟಗೆ ನಿಲ್ಲಿಸಿದ ಪಟ್ಟಿಗಳು, ಹೊರಗಿನ ಬ್ಲೈಂಡ್, ಜಾಗವಿದ್ದರೆ ಒಂದು ಮರ. ಎಲ್ಲಕ್ಕಿಂತ ಮೊದಲು, ಚಿಕ್ಕ ಕಿಟಕಿ.

ಮನೆ ಕಟ್ಟಿ ಮುಗಿದವರು ಗಾಜಿಗೆ ಬಿಸಿಲು ತಡೆಯುವ ತೆಳು ಹಾಳೆ, ಅಂದರೆ ಫಿಲ್ಮ್, ಅಂಟಿಸಲಾ ಅಂತ ಕೇಳುತ್ತಾರೆ. ಸ್ವಲ್ಪ ಉಪಯೋಗವಾಗಬಹುದು. ಆದರೆ ಕೆಲವು ಬಗೆಯ ಗಾಜು ಫಿಲ್ಮ್ ಅಂಟಿಸಿದ ಮೇಲೆ ಜಾಸ್ತಿ ಕಾದು ಸೀಳು ಬಿಡುತ್ತದೆ, ಹಾಗಾಗಿ ಗಾಜು ಕೊಟ್ಟವರನ್ನು ಕೇಳದೆ ಅಂಟಿಸಬೇಡಿ.