ಜೇಬು ಸಿಕ್ಕ ದಿನ: ಇಂಗ್ಲೆಂಡಿನ ಹುಡುಗರು ಲಂಗ ಬಿಟ್ಟ ಕತೆ

1801ರಲ್ಲಿ ಇಂಗ್ಲಿಷ್ ಕವಿ ಕೋಲ್‌ರಿಜ್ ಗೆಳೆಯನಿಗೆ ಬರೆದ ಕಾಗದವೊಂದರಲ್ಲಿ ಮನೆ ಸುದ್ದಿಯಿದೆ. ಮಗ ಹಾರ್ಟ್ಲಿಗೆ ಮೊದಲ ಸಲ ಷರಾಯಿ ತೊಡಿಸಿದ್ದರು. ಜೇಬಿಗೆ ತುಂಬ ಕಾಸು ಹಾಕಿದ್ದರು. ಅದು ಝಣಝಣ ಅನ್ನುತ್ತಿದ್ದರೆ ಹುಡುಗ ಅತ್ತಿಂದಿತ್ತ ಕುಣಿದಾಡುತ್ತಿದ್ದ. ಆದರೆ ಎಂದಿನಂತೆ ಬಿದ್ದು ಹೊರಳಾಡಲಿಲ್ಲ. ಖುಷಿಯಲ್ಲೂ ಏನೋ ಗಾಂಭೀರ್ಯ! ಅವನಿಗೆ ಆಗ ಐದು ವರ್ಷ. ಅಲ್ಲಿಯವರೆಗೆ ಲಂಗದಲ್ಲೇ ಬೆಳೆದವನು.

ಈ ಶಾಸ್ತ್ರದ ಹೆಸರು ಬ್ರೀಚಿಂಗ್. ಇಂಗ್ಲೆಂಡಿನಲ್ಲಿ 16ನೇ ಶತಮಾನದಿಂದ 20ನೇ ಶತಮಾನದ ಆರಂಭದವರೆಗೂ ಪುಟ್ಟ ಹುಡುಗರು ಫ್ರಾಕು ಹಾಕುತ್ತಿದ್ದರು. ಯಾಕೆ ಅಂತ ಕೇಳಿದರೆ ಮೊದಲ ಉತ್ತರ ಸೀದಾ ಸಾದಾ: ಉಚ್ಚೆ. ಆಗಿನ ಷರಾಯಿಗೆ ಎಲಾಸ್ಟಿಕ್ ಇಲ್ಲ, ಜಿಪ್ ಇಲ್ಲ. ಬರೀ ಗುಂಡಿ, ಲಾಡಿ. ಮೂರು ವರ್ಷದ ಮಗು ಅವಸರದಲ್ಲಿ ಅದನ್ನೆಲ್ಲ ಬಿಚ್ಚುವುದುಂಟೇ? ಲಂಗವಾದರೆ ಎತ್ತಿದರೆ ಮುಗಿಯಿತು. ಮಗು ಬೆಳೆದ ಹಾಗೆ ಅಂಚಿನ ಮಡಿಕೆ ಬಿಚ್ಚಿ ಉದ್ದ ಮಾಡಬಹುದು. ಅಕ್ಕನದು ತಮ್ಮನಿಗೂ ಆಗುತ್ತದೆ.

ಹಳೆಯ ಫೋಟೊ ನೋಡಿ ‘ಅಮ್ಮನಿಗೆ ಹೆಣ್ಣು ಮಗು ಬೇಕಿತ್ತೇನೋ’ ಅನ್ನುವವರು ಜಾಸ್ತಿ. ಅದು ಈಗಿನ ಕಣ್ಣು. ಆಗಿನವರಿಗೆ ಆ ಲಂಗ ಹೇಳುತ್ತಿದ್ದದ್ದು ‘ಇದಿನ್ನೂ ಚಿಕ್ಕ ಮಗು’ ಅಂತ ಮಾತ್ರ. ಗಂಡೋ ಹೆಣ್ಣೋ ತಿಳಿಯಲು ಬೇರೆ ಗುರುತುಗಳಿದ್ದವು. ಬೈತಲೆ ನಡುವೆ ಇದ್ದರೆ ಸಾಮಾನ್ಯವಾಗಿ ಹುಡುಗಿ, ಪಕ್ಕಕ್ಕಿದ್ದರೆ ಹುಡುಗ. ಕೈಯಲ್ಲಿ ಚಾಟಿಯೋ ಮರದ ಕುದುರೆಯೋ ಇದ್ದರಂತೂ ಅನುಮಾನವೇ ಬೇಡ.

ಷರಾಯಿ ತೊಟ್ಟವನು ಅಮ್ಮ, ದಾದಿಯರ ಕೈ ಬಿಟ್ಟು ಅಪ್ಪನ ಲೋಕಕ್ಕೆ ಕಾಲಿಟ್ಟ ಹಾಗೆ. ಆ ಜೇಬಿಗೆ ಅಷ್ಟು ಬೆಲೆ ಬಂದದ್ದು ಅದಕ್ಕೇ.

ವಿಕ್ಟೋರಿಯಾ ರಾಣಿಯ ಮನೆ ಇದರಲ್ಲಿ ಹೊಸ ದಾರಿ ತೋರಿಸಿತು. 1846ರಲ್ಲಿ ಹಿರಿಯ ಮಗ ಆಲ್ಬರ್ಟ್ ಎಡ್ವರ್ಡ್‌ಗೆ ನಾವಿಕರ ಉಡುಪಿನ ಪುಟ್ಟ ನಕಲು ಹೊಲಿಸಿದರು. ಚಿತ್ರಕಾರ ವಿಂಟರ್‌ಹಾಲ್ಟರ್ ಅವನನ್ನು ಅದರಲ್ಲೇ ಬರೆದ. ಆಮೇಲೆ ಊರ ಹುಡುಗರಿಗೆಲ್ಲ ಸೇಲರ್ ಸೂಟು! ರಾಜಕುಮಾರರು ಸ್ಕಾಟ್ಲೆಂಡಿನ ಕಿಲ್ಟನ್ನೂ ತೊಟ್ಟರು. ನನಗೆ ಇದು ಬಲು ಜಾಣತನದ ರಾಜಿ ಅನ್ನಿಸುತ್ತದೆ. ಅದೂ ಲಂಗದಂಥದ್ದೇ, ಆದರೆ ಗಂಡಸರು ಉಡುವಂಥದ್ದು. ಅಮ್ಮನಿಗೂ ಸಮಾಧಾನ, ಹುಡುಗನಿಗೂ ಮಾನ.

ಮೊದಲ ಮಹಾಯುದ್ಧದ ಹೊತ್ತಿಗೆ ಸುಲಭದ ರೋಂಪರ್ (ಅಂಗಿ-ಚಡ್ಡಿ ಒಂದೇ ಆದ ಉಡುಪು), ಚಡ್ಡಿಗಳು ಬಂದು ಹುಡುಗರ ಫ್ರಾಕು ಮಾಯವಾಗತೊಡಗಿತು. ಒಂದು ಕಡೆ ಮಾತ್ರ ಉಳಿದಿದೆ, ನಾಮಕರಣದಲ್ಲಿ. 1841ರಲ್ಲಿ ವಿಕ್ಟೋರಿಯಾಳ ಮೊದಲ ಮಗಳಿಗೆ ಹೊಲಿಸಿದ ರೇಷ್ಮೆ, ಲೇಸಿನ ಗೌನು ಜೀರ್ಣವಾಯಿತೆಂದು ಅದರ ನಕಲು ಮಾಡಿಸಿದ್ದಾರೆ. 2013ರಲ್ಲಿ ವಿಲಿಯಂನ ಮಗ, ಪುಟ್ಟ ರಾಜಕುಮಾರ ಜಾರ್ಜ್ ತೊಟ್ಟಿದ್ದು ಆ ನಕಲನ್ನೇ. ಮಗುವಿಗಿಂತ ಗೌನೇ ಉದ್ದವಿತ್ತು.