ಕಬ್ಬಿನ ಕಾಟಾದಲ್ಲಿ ಮೂಗುತಿ ತೂಗಬಹುದೇ?

ಬೆಳಗಾವಿಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಅಂಗೈಯಗಲದ ಸೋಡಿಯಂ ಅಯೊಡೈಡ್ ಹರಳೊಂದಿದೆ. ಇಲ್ಲಿನ ಮಳೆಗಾಲದ ತೇವ ತಾಗಿದರೆ ಕೆಟ್ಟೇಹೋಗುತ್ತದೆ. ಅದಕ್ಕೇ ಅಲ್ಯೂಮಿನಿಯಂ ಡಬ್ಬಿಯೊಳಗೆ ಬಿಗಿಯಾಗಿ ಮುಚ್ಚಿದ್ದಾರೆ. ಗಾಮಾ ಕಿರಣ ಬಿದ್ದರೆ ಹರಳು ಮಿಣುಕುತ್ತದೆ. ಆ ಮಿಣುಕಿನಿಂದ ಕಿರಣದ ಶಕ್ತಿ ಎಷ್ಟು ಕೆಇವಿ (ಕಿಲೋ ಎಲೆಕ್ಟ್ರಾನ್ ವೋಲ್ಟ್, ಶಕ್ತಿಯ ಅಳತೆ) ಅಂತ ಲೆಕ್ಕ ಹಾಕುತ್ತೇವೆ.

ಬೆಳಿಗ್ಗೆ ಗಾಮಾ ಸೂಸುವ ಸೀಸಿಯಂ-137 ಇಟ್ಟರೆ ಅದರ 662 ಕೆಇವಿ ಮಿಣುಕು 410ನೇ ಚಾನೆಲ್‌ನಲ್ಲಿ (ಮಿಣುಕಿನ ಪ್ರಮಾಣ ತೋರುವ ಮನೆ) ಬರುತ್ತದೆ. ಏಪ್ರಿಲ್ ಮಧ್ಯಾಹ್ನ ನೋಡಿದರೆ 402ಕ್ಕೆ ಇಳಿದಿರುತ್ತದೆ. ಸೀಸಿಯಂ ಅದೇ, ಬಿಸಿಲು ಏರಿದೆ ಅಷ್ಟೇ.

ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿ ಡಾಮಾ ತಂಡ ಇದೇ ಬಗೆಯ 250 ಕೆಜಿಯಷ್ಟು ಹರಳು ಇಟ್ಟಿತ್ತು. 2ರಿಂದ 6 ಕೆಇವಿ ನಡುವಿನ ಮಿಣುಕು ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ, ಅದು ಡಾರ್ಕ್ ಮ್ಯಾಟರ್ (ವಿಶ್ವದಲ್ಲಿ ಇದೆಯೆಂದು ನಂಬಲಾದ, ಕಣ್ಣಿಗೆ ಕಾಣದ ದ್ರವ್ಯ) ಗುರುತು ಎಂಬುದು ಅವರ ವಾದ. ಸ್ಪೇನಿನ ಅನಾಯಿಸ್, ಕೊರಿಯಾದ ಕೊಸೈನ್ ಪ್ರಯೋಗಗಳಿಗೆ ಆ ಏರಿಳಿತ ಸಿಕ್ಕಿಲ್ಲ. ಬಿಸಿಲೂ ವರ್ಷಕ್ಕೊಮ್ಮೆ ಏರಿ ಇಳಿಯುವುದೇ ಅಲ್ವಾ? ಅದಕ್ಕೇ ಇಂಥ ಕಡೆ ಉಷ್ಣತೆಯ ಮೇಲೆ ಸದಾ ಕಣ್ಣಿಡುತ್ತಾರೆ, ಕ್ಯಾಲಿಬ್ರೇಷನ್, ಅಂದರೆ ಗೊತ್ತಿರುವ ಶಕ್ತಿಯಿಂದ ಅಳತೆ ಸರಿಯಿದೆಯೇ ನೋಡುವ ಕೆಲಸ, ಮತ್ತೆ ಮತ್ತೆ ಮಾಡುತ್ತಾರೆ.

ಆದರೆ ಯಾವುದರಿಂದ ಮಾಡುವುದು? ಟ್ರ್ಯಾಕ್ಟರ್ ಸಮೇತ ಕಬ್ಬು ತೂಗುವ ಕಾಟಾ ಎಷ್ಟೇ ಸರಿಯಿದ್ದರೂ ಅದರ ಮೇಲೆ ಮೂಗುತಿ ಇಟ್ಟು ತೂಕ ಕೇಳುವವರಿಲ್ಲ. 662ರಿಂದ ನೇರ ಗೆರೆ ಎಳೆದು 3 ಕೆಇವಿ ಓದುವುದೂ ಹಾಗೇ. ಈ ಹರಳಿನ ಬೆಳಕು ಶಕ್ತಿಗೆ ತಕ್ಕಂತೆ ನೇರವಾಗಿ ಏರುವುದಿಲ್ಲ. ಅಯೊಡಿನ್ ದೆಸೆಯಿಂದ 33 ಕೆಇವಿ ಹತ್ತಿರ ಒಂದು ತಗ್ಗೂ ಇದೆ.

ಹೊರಗಿನಿಂದ 3 ಕೆಇವಿ ಕಿರಣ ಬಿಟ್ಟರೆ ಡಬ್ಬಿಯೇ ತಡೆದುಬಿಡುತ್ತದೆ. ಇಲ್ಲಿ ಕೈಹಿಡಿಯುವುದು ಹರಳೊಳಗಿನ ಕೊಳೆ. ಎಷ್ಟೇ ಶುದ್ಧ ಮಾಡಿದರೂ ಚೂರು ಪೊಟ್ಯಾಸಿಯಂ-40 ಉಳಿದಿರುತ್ತದೆ. ಅದು ಕೆಲವೊಮ್ಮೆ ಆರ್ಗಾನ್ ಆಗುವಾಗ 1461 ಕೆಇವಿ ಗಾಮಾ ಹೊರಟು ಪಕ್ಕದ ಹರಳಿಗೆ ಬೀಳುತ್ತದೆ. ಅದೇ ಕ್ಷಣ ಮೊದಲ ಹರಳಲ್ಲಿ 3.2 ಕೆಇವಿ ಮಿಣುಕುತ್ತದೆ. ಎರಡೂ ಒಟ್ಟಿಗೆ ಕಂಡವೋ, ಬೇಕಾದ ಜಾಗದಲ್ಲೇ ತೂಕದ ಕಲ್ಲು ಸಿಕ್ಕಂತೆ. ನನಗೆ ಇಡೀ ವಿದ್ಯೆಯಲ್ಲಿ ಜಾಸ್ತಿ ಇಷ್ಟವಾದದ್ದು ಇದೇ.

ಇಷ್ಟಾದರೂ ಒಂದು ತೊಡಕು ಇದ್ದೇ ಇದೆ. ಈ ಅಳತೆಯೆಲ್ಲ ಎಲೆಕ್ಟ್ರಾನ್ ಕೊಡುವ ಬೆಳಕಿನದು. ಡಾರ್ಕ್ ಮ್ಯಾಟರ್ ಗುದ್ದುವುದು ನ್ಯೂಕ್ಲಿಯಸ್ಸಿಗೆ ಎಂದಿಟ್ಟುಕೊಂಡರೆ, ಅದು ಮಿಣುಕುವುದು ಬಹಳ ಮಂದವಾಗಿ. ಎಷ್ಟು ಮಂದ ಅಂತ ನ್ಯೂಟ್ರಾನ್ ಹಾಯಿಸಿ ಅಳೆಯಬೇಕು. ಅದೇ ಶಕ್ತಿಯ ಎಲೆಕ್ಟ್ರಾನ್ ಬೆಳಕು 1 ಎಂದರೆ ಸೋಡಿಯಂ ನ್ಯೂಕ್ಲಿಯಸ್ಸಿನದಕ್ಕೆ ಡಾಮಾ ಹಿಡಿದದ್ದು 0.3. ಈಚಿನ ಹಲವು ಅಳತೆಗಳು ಅದಕ್ಕಿಂತ ಕಡಿಮೆ ಎನ್ನುತ್ತವೆ. 0.3 ಹಿಡಿದರೆ 2 ಕೆಇವಿ ಮಿಣುಕಿನ ಹಿಂದಿನ ಗುದ್ದು ಸುಮಾರು 7 ಕೆಇವಿ. 0.2 ಹಿಡಿದರೆ 10.